ಕರೆಂಟಿನ ಪತಂಗ ಮತ್ತು ನನ್ನ ಬಾಯಿ

ಐರ್ಲೆಂಡಿನಿಂದ ಮರಳಿದ ಮೇಲೆ ನಾನು ಹೋದಲ್ಲೆಲ್ಲ ಮಾತಾಡಿದ್ದೇನೆ. ಚಿತ್ತಾಪುರದಲ್ಲಿ ಬೀಗರ ಮದುವೆಯ ಪಂಕ್ತಿಯಲ್ಲಿ ಅನ್ನ ಆರುವವರೆಗೆ ಮಾತಾಡಿದೆ. ಸೇಡಂ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ನನ್ನ ಮಾತು ಕೇಳುತ್ತ ಒಬ್ಬಾತ ಬಸ್ಸು ತಪ್ಪಿಸಿಕೊಂಡ. ಐನಾಪುರದ ತಂಗಿಯ ಮನೆಗೆ ಹೋದಾಗ ಚಿಂಚೋಳಿಯಿಂದಲೂ ನೆಂಟರು ಬಂದು ಕುಳಿತರು. ಎಲ್ಲ ಕಡೆ ಹೇಳಿದ್ದು ಒಂದೇ: ಸಮುದ್ರದ ಕಡೆಯಿಂದ ಭಾರಿ ಬಿರುಗಾಳಿ ಎದ್ದಿತು, ಕರೆಂಟು ಮಾಡುವ ಪತಂಗದ, ಅಂದರೆ ಗಾಳಿಪಟದ, ಹಗ್ಗ ಕಡಿಯಿತು, ಅದನ್ನು ನಾನು ಕಣ್ಣಾರೆ ಕಂಡೆ.

ಬಿರುಗಾಳಿ ಎದ್ದಿರಲಿಲ್ಲ. ಆ ದೇಶದವರು ಬಟ್ಟೆ ಒಣಹಾಕುವಷ್ಟು ಒಳ್ಳೆಯ ಹವೆ ಅವತ್ತು. ಪತಂಗವನ್ನು ಕೆಳಗೆ ಬೀಳಿಸಿದವನು ನಾನು, ಅದೂ ಬಾಯಿಂದ. ಮದುವೆ ಊಟ ತಣ್ಣಗಾಗಿಸಿಕೊಂಡವರಿಗೂ ಬಸ್ಸು ತಪ್ಪಿಸಿಕೊಂಡ ಆ ಪುಣ್ಯಾತ್ಮನಿಗೂ ನಿಜ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ವಾಡಿ ಜಂಕ್ಷನ್

ನಾನು ವಾಡಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಓದಿದ್ದು ಮ್ಯಾಟ್ರಿಕ್. ದೇಶದ ನಾಲ್ಕೂ ದಿಕ್ಕಿಗೆ ಮಾವಿನ ಬುಟ್ಟಿ, ಹೊಲಿಗೆ ಯಂತ್ರ, ಒಮ್ಮೆ ಒಂದು ಜೀವಂತ ಆಡನ್ನೂ ಕಳಿಸಿದ್ದೇನೆ. ನಾನು ಮಾತ್ರ ಎಲ್ಲಿಗೂ ಹೋದವನಲ್ಲ. ಪಕ್ಕದ ನಾಲವಾರದಲ್ಲಿ ಹುಟ್ಟಿ ವಾಡಿಗೆ ಬಂದು ಮನೆ ಮಾಡಿದ್ದೇ ನನ್ನ ದೊಡ್ಡ ಪ್ರಯಾಣ.

ನನ್ನ ಮಗಳ ಮಗಳು ಪ್ರಜ್ಞಾ. ಅವಳ ಅಪ್ಪ ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿಯ ಚಿಮಣಿ ನೋಡುತ್ತ ಬೆಳೆದ ಹುಡುಗಿ ಈಗ ಐರ್ಲೆಂಡಿನಲ್ಲಿ ಇದ್ದಾಳೆ. ಏನು ಕೆಲಸ ಎಂದು ಫೋನಿನಲ್ಲಿ ಕೇಳಿದಾಗ ಹೇಳಿದಳು:

“ಮುತ್ಯಾ, ಪತಂಗ ಹಾರಿಸಿ ಕರೆಂಟ್ ಮಾಡ್ಲಿಕತ್ತೀವಿ.”

“ಅದಕ್ಕ ಎಂಜಿನಿಯರಿಂಗ್ ಯಾಕ ಓದಬೇಕಿತ್ತು? ಖಾಜಾನ ಛತ್ತಿ ಮ್ಯಾಲ ನಿಂತಿದ್ರ ಸಾಕಿತ್ತಲ್ಲ.”

ಖಾಜಾಮಿಯಾ ಶಹಾಬಾದಿನವನು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆ ಇದೆ. ನನ್ನ ಜೀವದ ಗೆಳೆಯ, ಸಂಕ್ರಾಂತಿಯ ದಿನ ಮಾತ್ರ ವೈರಿ. ಆವತ್ತು ನಾವಿಬ್ಬರೂ ಮುದುಕರು ಛತ್ತಿಯ, ಅಂದರೆ ಮಾಳಿಗೆಯ, ಮೇಲೆ ನಿಂತು ಒಬ್ಬರ ಪತಂಗ ಒಬ್ಬರು ಕಡಿಯುತ್ತೇವೆ. ಕಡಿದಾಗ ನಮ್ಮ ಕಡೆ ಎಲ್ಲರೂ ಕೂಗುವಂತೆ “ಕಾಟ್! ಕಾಟ್!” ಎಂದು ಕೂಗುತ್ತೇವೆ. ಈ ಕೂಗು ನನ್ನ ಬಾಯಿಗೆ ಚಿಕ್ಕಂದಿನಿಂದ ಅಂಟಿಕೊಂಡದ್ದು. ಸೀನು ಬಂದಹಾಗೆ ಬರುತ್ತದೆ, ತಡೆಯಲಾಗುವುದಿಲ್ಲ.

ಪ್ರಜ್ಞಾ ಅಲ್ಲಿ ಒಂದು ವರ್ಷದಿಂದ ಹೊಲದ ಗೇಟುಗಳ ಹತ್ತಿರ ರೇಡಿಯೊ ಹಿಡಿದು ಕಾವಲು ನಿಲ್ಲುತ್ತಿದ್ದಳು. ದನ ಬಂತೋ, ಜನ ಬಂದರೋ ಹೇಳುವುದು ಅವಳ ಕೆಲಸ. ಪತಂಗ ನಡೆಸುವ ಕುರ್ಚಿ ಬೇರೆ. “ಬರೋ ತಿಂಗಳ ನನಗ ಕುರ್ಚಿ ಮ್ಯಾಲ ಕುಂದ್ರಸ್ತೀನಿ ಅಂದಾರ, ಮುತ್ಯಾ. ನೀ ಬಂದು ನೋಡಬೇಕು,” ಎಂದಳು. ನಾನು ಹೋದದ್ದು ಇದೊಂದಕ್ಕೇ, ಅವಳು ಆ ಕುರ್ಚಿಯಲ್ಲಿ ಕುಳಿತದ್ದನ್ನು ನೋಡಲು.

ಡಬ್ಲಿನ್

ವಿಮಾನದ ಬಗ್ಗೆ ಹೇಳುವುದೇನಿಲ್ಲ. ಕಿಟಕಿ ತೆಗೆಯಲು ಬರುವುದಿಲ್ಲ, ಯಾವ ಸ್ಟೇಷನ್ ಬಂತೆಂದು ಕೇಳಿದರೆ ನಗುತ್ತಾರೆ.

ಡಬ್ಲಿನ್ನಿನಲ್ಲಿ ನನ್ನ ಚೀಲ ತೆರೆಸಿದರು. ಮಗಳು ಕಟ್ಟಿಕೊಟ್ಟ ಕಟಕ ರೊಟ್ಟಿಯ ಅಟ್ಟಿ ಅವರ ಯಂತ್ರದಲ್ಲಿ ಏನೋ ಆಗಿ ಕಂಡಿರಬೇಕು. ಅಧಿಕಾರಿ ಒಂದು ರೊಟ್ಟಿ ಎತ್ತಿ ಮೇಜಿಗೆ ಕುಟ್ಟಿದ. ಟಕ್ ಎಂದಿತು.

“ವಾಟ್ ಈಸ್ ದಿಸ್?”

“ಬ್ರೆಡ್, ಸರ್.”

ಮತ್ತೆ ಕುಟ್ಟಿದ. ಮತ್ತೆ ಟಕ್. ಅವನು ನನ್ನ ಹಲ್ಲು ನೋಡಿದ. ನಾನು ನನ್ನ ಹಲ್ಲಿನ ಸೆಟ್ಟು ತೋರಿಸಿದೆ. ಅವನಿಗೆ ಏನು ಅನಿಸಿತೋ, ಬಹಳ ಗೌರವದಿಂದ ರೊಟ್ಟಿಯನ್ನು ಮೊದಲಿನಂತೆ ಜೋಡಿಸಿ ಕೊಟ್ಟ.

ಅಲ್ಲಿಂದ ಪಶ್ಚಿಮ ಕರಾವಳಿಗೆ ಬಸ್ಸು. ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಿದ್ದರು. ನಮ್ಮ ಚಿತ್ತಾಪುರ ಬಸ್ಸಿನಲ್ಲಿ ಹೀಗೆ ಹೇಳಿದರೆ, ಟಿಕೆಟ್ ತೆಗೆದಿಲ್ಲವೇನೋ ಎಂದು ಕಂಡಕ್ಟರ್ ಕೈ ಹಿಡಿದು ನಿಲ್ಲಿಸುತ್ತಾನೆ.

ಬಾಳಿಗೊಂಡ

ಪ್ರಜ್ಞಾ ಇರುವ ಊರಿನ ನಿಜವಾದ ಹೆಸರು ನನ್ನ ನಾಲಿಗೆಗೆ ಹೊಂದಲಿಲ್ಲ. ಅಲ್ಲಿ ಊರಿನ ಹೆಸರಿಗೆಲ್ಲ ಮುಂದೊಂದು ‘ಬಾಲಿ’ ಇರುತ್ತದೆ. ನಾನು ಅದನ್ನು ಬಾಳಿಗೊಂಡ ಎಂದು ಕರೆದೆ, ನನಗೆ ಸುಲಭವಾಯಿತು.

ಹೊಲಗಳಿಗೆಲ್ಲ ಗಾರೆ ಇಲ್ಲದೆ ಒಂದರ ಮೇಲೊಂದು ಇಟ್ಟ ಕಲ್ಲಿನ ಗೋಡೆ. ಶಹಾಬಾದಿನ ಹೊಲಗಳ ನಡುವೆ ನಿಂತಹಾಗೆ ಅನಿಸಿತು. ಹುಲ್ಲು ಮಾತ್ರ ಹೆದರಿಕೆ ಬರುವಷ್ಟು ಹಸಿರು. ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಗಾಳಿಗೆ ಛತ್ರಿ ಮೂರನೆಯ ದಿನಕ್ಕೆ ಕಸದ ತೊಟ್ಟಿ ಸೇರಿತು. ಎದುರಿಗೆ ಬಂದ ಪ್ರತಿ ಕಾರಿನವನೂ ಸ್ಟೇರಿಂಗಿನ ಮೇಲಿಂದ ಒಂದೇ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾನೆ. ಚಹಾ ಮಾತ್ರ ನಮ್ಮಂತೆಯೇ, ಹಾಲು ಹಾಕಿ ಕಡಕ್.

ಇಲ್ಲೊಂದು ಮಾತು ಹೇಳಿಬಿಡಬೇಕು. ಆ ಜನರ ಇಂಗ್ಲಿಷ್ ನನಗೆ ತಿಳಿಯುತ್ತಿರಲಿಲ್ಲ. ಪ್ರಜ್ಞಾ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದಳು. ಆದ್ದರಿಂದ ಈ ಬರಹದಲ್ಲಿ ಐರ್ಲೆಂಡಿನವರು ವಾಡಿಯವರಂತೆ ಮಾತಾಡಿದರೆ ಅದು ಅವಳ ಕೆಲಸ.

ಪತಂಗದ ಯಂತ್ರವನ್ನು ಅವಳು ತೋರಿಸಿದಳು. ನಾನು ತಿಳಿದುಕೊಂಡದ್ದು ಇಷ್ಟು. ಗೂಡ್ಸ್ ಬೋಗಿಯಷ್ಟು ದೊಡ್ಡ ಲೋಹದ ಡಬ್ಬಿಯೊಳಗೆ ಒಂದು ಕಡೆ ನಡೆಸುವವರ ಕುರ್ಚಿ, ಇನ್ನೊಂದು ಕಡೆ ಒಂದು ಉರುಳೆ. ನಮ್ಮ ಪತಂಗದ ದಾರ ಸುತ್ತುವ ಚರಖಿ ಇದ್ದಹಾಗೆ, ಆದರೆ ಎತ್ತಿನ ಗಾಡಿಯಷ್ಟು ದೊಡ್ಡದು. ಅದರ ತುಂಬ ಹಗ್ಗ. ಹಗ್ಗದ ತುದಿಗೆ ನಮ್ಮ ಛತ್ತಿಗಿಂತ ಅಗಲವಾದ ಬಟ್ಟೆಯ ಪತಂಗ. ಅದು ಮೇಲೆ ಹೋಗಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತುತ್ತ ಹಗ್ಗ ಜಗ್ಗುತ್ತದೆ. ಹಗ್ಗ ಬಿಚ್ಚಿಕೊಂಡಂತೆ ಉರುಳೆ ತಿರುಗಿ ಕರೆಂಟು ಹುಟ್ಟುತ್ತದೆ. ಹಗ್ಗ ಮುಗಿಯುತ್ತ ಬಂದಾಗ ಪತಂಗವನ್ನು ಗಾಳಿಗೆ ಅಡ್ಡ ನಿಲ್ಲದಂತೆ ಓರೆ ಮಾಡಿ, ಸ್ವಲ್ಪವೇ ಕರೆಂಟು ಖರ್ಚು ಮಾಡಿ ಎಳೆದುಕೊಳ್ಳುತ್ತಾರೆ. ಮತ್ತೆ ಬಿಡುತ್ತಾರೆ. ಬಿಡುವಾಗ ಬರುವುದು ಹೆಚ್ಚು, ಎಳೆಯುವಾಗ ಹೋಗುವುದು ಕಡಿಮೆ.

“ಕಂಬದ ಗಾಳಿಯಂತ್ರ ಅದಾವಲ್ಲ, ಇದು ಯಾಕ ಬೇಕು?” ಎಂದೆ.

“ಮ್ಯಾಲ ಹೋದಷ್ಟು ಗಾಳಿ ಜೋರು ಇರ್ತದ, ಮುತ್ಯಾ. ಅಷ್ಟು ಎತ್ತರ ಕಂಬ ನಿಲ್ಸೋದು ಹ್ಯಾಂಗ? ಇದಕ್ಕ ಕಂಬನೇ ಬ್ಯಾಡ. ಲಾರ್‍ಯಾಗ ಹಾಕ್ಕೊಂಡು ಎಲ್ಲಿ ಬೇಕಲ್ಲಿ ಒಯ್ಯಬಹುದು. ಆದ್ರ ಇನ್ನಾ ಕಲೀಲಿಕತ್ತೀವಿ. ಭಾಳ ಸಲ ಬೀಳ್ತದ.”

ಅವಳ ಮೇಲಧಿಕಾರಿ ನೋರಾ, ಕತ್ತರಿಸಿದ ಬಿಳಿ ಕೂದಲಿನ ಗಂಭೀರ ಹೆಂಗಸು. ಕುರ್ಚಿಯಲ್ಲಿ ಕೂರುವವಳು ಆಕೆ. ಆಕೆಯ ಮುಂದೆ ಒಂದು ಕೆಂಪು ಗುಂಡಿ. ಏನಾದರೂ ಅಪಾಯ ಕಂಡರೆ ಹೊಲದಲ್ಲಿ ನಿಂತವರು ರೇಡಿಯೊದಲ್ಲಿ ಒಂದೇ ಶಬ್ದ ಹೇಳಬೇಕು. ನೋರಾ ಕಾರಣ ಕೇಳದೆ ಗುಂಡಿ ಒತ್ತಬೇಕು. ಹಗ್ಗ ಕಳಚಿ ಪತಂಗ ಮುದ್ದೆಯಾಗಿ ಇಳಿಯುತ್ತದೆ.

ಆ ಶಬ್ದ ‘ಕಟ್’.

ಇದನ್ನು ಪ್ರಜ್ಞಾ ನನಗೆ ಹೇಳಿದ್ದಳು. ಹೇಳಿಲ್ಲ ಎಂದು ಸುಳ್ಳು ಹೇಳಲು ನನಗೆ ಆಸೆಯಿದೆ, ಆದರೆ ಹೇಳಿದ್ದಳು.

ಗಾಳಿ ಬಂದ ದಿನ

ಪತಂಗಕ್ಕೆ ಬೇಕಾದ ಹದದ ಗಾಳಿ ಬಂತು. ನೋರಾ ಅವತ್ತು ಹಾರಿಸುವುದು, ಮರುದಿನ ಪ್ರಜ್ಞಾ ಕೂರುವುದು ಎಂದು ನಿಶ್ಚಯವಾಯಿತು. ನಾನೂ ಪ್ರಜ್ಞಾಳೂ ಪ್ಯಾಟ್ರಿಕ್ ಎಂಬ ರೈತನ ಗೇಟಿನ ಹತ್ತಿರ ನಿಂತೆವು. ಪ್ಯಾಟ್ರಿಕ್ ನನ್ನ ವಯಸ್ಸಿನವನು. ಒಂಟಿ ಮನುಷ್ಯ, ಒಂದು ನಾಯಿ, ಒಂದಷ್ಟು ಕುರಿ. ಪತಂಗದ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ದೂರುತ್ತಿದ್ದ. ಪತಂಗ ಹಾರುವುದು ಹಗಲಲ್ಲಿ.

ಪತಂಗ ಎದ್ದಿತು. ಏನು ಹೇಳಲಿ! ಅಷ್ಟು ದೊಡ್ಡದು ಅಷ್ಟು ಹಗುರವಾಗಿ ಹೋದದ್ದನ್ನು ನಾನು ಕಂಡಿರಲಿಲ್ಲ. ನನ್ನ ಬೆರಳುಗಳು ತಾವಾಗಿಯೇ ದಾರ ಹಿಡಿದಂತೆ ಆಡತೊಡಗಿದವು.

ಅಷ್ಟರಲ್ಲಿ ಪ್ಯಾಟ್ರಿಕ್‌ನ ಗೇಟು ಗಾಳಿಗೆ ತೆರೆದುಕೊಂಡು ಕುರಿಗಳು ಹೊರಟವು. ಗೇಟು ತಳ್ಳಲು ಎರಡೂ ಕೈ ಬೇಕು.

“ಮುತ್ಯಾ, ಇದು ಹಿಡಿ. ಬಾಜೂ ಗುಂಡಿಗಿ ಕೈ ಹಚ್ಚಬ್ಯಾಡ, ಒತ್ತಿದ್ರ ಮಾತು ನೋರಾಗ ಕೇಳಸ್ತದ.”

ರೇಡಿಯೊ ನನ್ನ ಕೈಗೆ ಕೊಟ್ಟು ಓಡಿದಳು. ನಾನು ಕೈ ಹಚ್ಚಲಿಲ್ಲ. ಚರಖಿ ಹಿಡಿದಹಾಗೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಹೆಬ್ಬೆರಳು ಎಲ್ಲಿತ್ತೆಂದು ಈಗ ಎಲ್ಲರಿಗೂ ಗೊತ್ತಾಗಿರಬೇಕು.

ಆಗ ಸಮುದ್ರದ ಕಡೆಯಿಂದ ಒಂದು ಬಿಳಿ ಹಕ್ಕಿ ಬಂತು. ಬಹಳ ಸೊಕ್ಕಿನಿಂದ ಬಂತು. ನಮ್ಮ ಹಗ್ಗದ ಕಡೆಗೇ ಬಂತು. ನನಗೆ ಅದು ಹಕ್ಕಿಯಾಗಿ ಕಾಣಲಿಲ್ಲ, ಖಾಜಾಮಿಯಾನ ಪತಂಗವಾಗಿ ಕಂಡಿತು. ನಮ್ಮ ಪತಂಗ ಗರ್ರನೆ ಕೆಳಗೆ ತಿರುಗಿತು, ಹಕ್ಕಿ ತಪ್ಪಿಸಿಕೊಂಡು ಪಲ್ಟಿ ಹೊಡೆಯಿತು. ನಾವು ಗೆದ್ದೆವು.

“ಕಾಟ್! ಕಾಟ್!” ಎಂದು ಕುಣಿದೆ.

ನೋರಾ ಒಳ್ಳೆಯ ಕೆಲಸಗಾರ್ತಿ. ಕಾರಣ ಕೇಳಲಿಲ್ಲ.

ಹಗ್ಗ ಕಳಚಿತು. ಪತಂಗ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಮಡಚಿಕೊಂಡು, ತೇಲುತ್ತ ಹೋಗಿ, ಪ್ಯಾಟ್ರಿಕ್‌ನ ಹೊಲದಲ್ಲಿ ಅವನ ಕುರಿಗಳ ಮೇಲೆ ಹೊದಿಕೆಯಂತೆ ಬಿತ್ತು. ಬಟ್ಟೆಯ ಕೆಳಗೆ ಗುಡ್ಡಗಳು ಎದ್ದು ಬ್ಯಾ ಬ್ಯಾ ಎನ್ನುತ್ತ ಓಡಾಡಿದವು.

ಪ್ರಜ್ಞಾ ಓಡಿ ಬಂದು ನನ್ನ ಕೈಯಿಂದ ರೇಡಿಯೊ ಕಸಿದುಕೊಂಡಳು. ಅದರಿಂದ ನೋರಾಳ ದನಿ ಕೇಳುತ್ತಿತ್ತು. ಯಾರು ಕಟ್ ಅಂದದ್ದು, ಏನಾಯಿತು? ಪ್ರಜ್ಞಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

“ನಾನೇ ಅಂದೆ,” ಎಂದಳು ಇಂಗ್ಲಿಷಿನಲ್ಲಿ. “ಗಾಬರಿಯಾಯಿತು.”

ಸಂಜೆ ಮನೆಗೆ ಬಂದು ಕೋಟು ತೆಗೆಯದೆ ಕುಳಿತಳು. ಕಾರಣವಿಲ್ಲದೆ ಗಾಬರಿಯಾಗುವವರನ್ನು ಕುರ್ಚಿಯಲ್ಲಿ ಕೂರಿಸಲಾಗದು ಎಂದು ನೋರಾ ಹೇಳಿದ್ದಳಂತೆ.

“ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?” ಎಂದೆ.

“ರೇಡಿಯೊ ಹೊರಗಿನ ಮಂದಿಗಿ ಕೊಡಬಾರದು ಅಂತ ರೂಲ್ ಅದ. ನೀ ಅಂದೆ ಅಂದ್ರ ಅದೂ ತಪ್ಪು ನಂದೇ. ಹ್ಯಾಂಗ ಅಂದ್ರೂ ಕುರ್ಚಿ ಹೋಗ್ತದ. ನಿನ್ನ ಮರ್ಯಾದಿನಾದ್ರೂ ಉಳೀಲಿ. ರೊಟ್ಟಿ ತಿನ್ನು.”

ರೊಟ್ಟಿ ತಿಂದೆ. ಮೊಮ್ಮಗಳ ಒಂದು ವರ್ಷದ ಕೆಲಸವನ್ನು ನುಂಗಿದ ಬಾಯಲ್ಲೇ ರೊಟ್ಟಿಯನ್ನೂ ತಿಂದೆ. ಅದಕ್ಕೆ ಶೇಂಗಾ ಚಟ್ನಿಯನ್ನೂ ಹಚ್ಚಿಕೊಂಡೆ. ಇದು ನನ್ನ ನಿಜವಾದ ತಪ್ಪು. ಕೂಗಿದ್ದು ಬಾಯಿ ಚಟ. ಸುಮ್ಮನಿದ್ದದ್ದು ಮಾತ್ರ ನಾನೇ.

ಶಹಾಬಾದಿಗೆ ಫೋನು

ಮರುದಿನ ಪ್ರಜ್ಞಾ ಕೆಲಸಕ್ಕೆ ಹೋದಮೇಲೆ ಖಾಜಾನಿಗೆ ಫೋನು ಮಾಡಿದೆ. ಹಿಂದೆ ಕಲ್ಲು ಉಜ್ಜುವ ಯಂತ್ರದ ಸದ್ದು. ಎಲ್ಲ ಹೇಳಿದೆ.

“ಅರೇ ಯಾರ್! ಸಮುಂದರ್ ದಾಟಿ ಹೋಗಿ ಕಾಟ್ ಹೊಡದಿ! ಶಾಬಾಸ್! ಯಾರ್ ಪತಂಗ ಹೊಡದಿ?”

“ಪ್ರಜ್ಞಾಂದು.”

ಯಂತ್ರ ನಿಂತಿತು. ಅವನೇ ನಿಲ್ಲಿಸಿರಬೇಕು.

“ತೋಬಾ, ತೋಬಾ. ಖುದ್ದ್ ತನ್ನ ಮನಿ ಪತಂಗ ಹೊಡದು ಕುಣಿಯೋ ಮನಶ್ಯಾ ನೀ ಒಬ್ಬನೇ ನೋಡು. ಮತ್ತ ಹೇಳಿದೇನು, ನಾ ಒದರಿದ್ದು ಅಂತ?”

“ಹೇಳಿದ್ರ ಹುಡುಗಿ ಸುಳ್ಳು ಹೊರಗ ಬರ್ತದ, ಖಾಜಾ.”

“ಹೇಳಲಿಲ್ಲಂದ್ರ?”

“ಅಂಜಬುರುಕಿ ಅಂತ ಹೆಸರು ಬರ್ತದ.”

“ಹಂಗಾದ್ರ ಲೆಕ್ಕ ಸೀದಾ ಅದ. ಸುಳ್ಳಿಗಿ ಮಾಫಿ ಕೇಳಬಹುದು. ಅಂಜಿಕೆ ಇಲ್ಲದ ಹುಡುಗಿ ಅಂಜಿದೆ ಅಂತ ಒಪ್ಪಿಕೊಂಡ್ರ ಯಾರಿಗಿ ಮಾಫಿ ಕೇಳ್ತಾಳ? ಏಳು, ಚಪ್ಪಲಿ ಹಾಕ್ಕೋ.”

ಅಲ್ಲಿ ಚಪ್ಪಲಿ ನಡೆಯುವುದಿಲ್ಲ. ರಬ್ಬರಿನ ಉದ್ದ ಬೂಟು ಹಾಕಿಕೊಂಡು ಹೊರಟೆ.

ನೋರಾಳ ಡಬ್ಬಿ

ನೋರಾ ಲೋಹದ ಡಬ್ಬಿಯೊಳಗೆ ಒಬ್ಬಳೇ ಕುಳಿತಿದ್ದಳು. ದಾರಿಯುದ್ದಕ್ಕೂ ನಾಲ್ಕು ಒಳ್ಳೆಯ ಇಂಗ್ಲಿಷ್ ವಾಕ್ಯ ಕಟ್ಟಿಕೊಂಡು ಬಂದಿದ್ದೆ. ಗಾಳಿಗೆ ಹಾರಿಹೋದವು. ಬಾಯಿಂದ ಬಂದದ್ದು ಇಷ್ಟೇ:

“ಮೇಡಂ, ಐ ಆ್ಯಮ್ ದಿ ಕಟ್.”

ಆಕೆಗೆ ತಿಳಿಯಲಿಲ್ಲ. ನಾನು ಕೈಯಿಂದ ಚರಖಿ ಹಿಡಿದು, ಹಕ್ಕಿಯಾಗಿ ರೆಕ್ಕೆ ಬಡಿದು, ಪತಂಗವಾಗಿ ತಿರುಗಿ, ಕೊನೆಗೆ “ಕಾಟ್! ಕಾಟ್!” ಎಂದು ಕುಣಿದು ತೋರಿಸಿದೆ. ಆಕೆಯ ಮುಖದಲ್ಲಿ ಮೊದಲು ಹೆದರಿಕೆ, ಆಮೇಲೆ ಅರ್ಥವಾದ ಬೆಳಕು. ಎದ್ದು ಹೋಗಿ ಪ್ರಜ್ಞಾಳನ್ನು ಕರೆದುಕೊಂಡು ಬಂದಳು.

ಆಮೇಲೆ ನಡೆದದ್ದು ನನಗೆ ಮರೆಯುವುದಿಲ್ಲ. ನೋರಾ ಪ್ರಜ್ಞಾಳನ್ನು ಬೈಯುವುದು, ಅದನ್ನು ಪ್ರಜ್ಞಾಳೇ ನನಗೆ ನಮ್ಮ ಮಾತಿನಲ್ಲಿ ತಿರುಗಿಸಿ ಹೇಳುವುದು.

“ಮುತ್ಯಾ ಒದರಿದ್ದು ದೊಡ್ಡ ಮಾತಲ್ಲ ಅಂತಾರ. ರೇಡಿಯೊ ಕೊಟ್ಟಿದ್ದು ತಪ್ಪು, ಅದಕ್ಕ ಬೈತೀನಿ ಅಂತಾರ. ಆದ್ರ ನನ್ನ ಕಿವ್ಯಾಗ ಬಂದ ಮಾತು ಖರೆ ಅಂತ ನಂಬಿ ನಾ ಗುಂಡಿ ಒತ್ತಬೇಕು... ನಾ ಅಂದ್ರ ಇವರು, ಮುತ್ಯಾ... ಹುಡುಗಿ ನನಗ ಸುಳ್ಳು ಹೇಳಿದ್ರ, ನಾಳೆ ಯಾರನ್ನ ನಂಬಲಿ ಅಂತಾರ.”

“ಏನ್ ಅಂದಿ ನೀ?”

“ಖರೆ ಅದ ಅಂದೆ.”

ಅಷ್ಟರಲ್ಲಿ ಬಾಗಿಲಲ್ಲಿ ಪ್ಯಾಟ್ರಿಕ್ ನಿಂತಿದ್ದ. ಬಿದ್ದ ಪತಂಗವನ್ನು ಅವನು ಕೊಟ್ಟಿಗೆಯೊಳಗೆ ಹಾಕಿಕೊಂಡಿದ್ದ. ಕೇಳಿದರೆ, ಅದರ ಮೇಲೆ ನಾಯಿ ಮಲಗಿದೆ, ಎಬ್ಬಿಸಲಾಗದು ಎನ್ನುತ್ತಿದ್ದ. ನನ್ನ ಕುಣಿತ ಅವನು ಕಿಟಕಿಯಿಂದ ನೋಡಿದ್ದನಂತೆ. ಆ ಕೂಗು ಏನೆಂದು ಕೇಳಿದ. ಪ್ರಜ್ಞಾ ಹೇಳಿದಳು: ನಮ್ಮೂರಲ್ಲಿ ಒಬ್ಬರ ಪತಂಗ ಒಬ್ಬರು ಕಡಿದಾಗ ಕೂಗುತ್ತಾರೆ, ಯಾರೂ ಸಿಟ್ಟಾಗುವುದಿಲ್ಲ, ಕಡಿದ ಪತಂಗ ಯಾರ ಕೈಗೆ ಸಿಗುತ್ತದೋ ಅವರದ್ದು.

ಪ್ಯಾಟ್ರಿಕ್ ಟೊಪ್ಪಿ ತೆಗೆದು, ಸಾವಕಾಶವಾಗಿ ಒಂದು ಡಬ್ಬದ ಮೇಲೆ ಕುಳಿತ.

“ಯಾರಿಗಿ ಸಿಗ್ತದೋ ಅವರದ್ದಾ?”

“ಹೌದು.”

“ಬೇಕಂತ ಕೇಳಿದ್ರೂ ತಿರುಗಿ ಕೊಡಂಗಿಲ್ಲಾ?”

“ಕೊಡಂಗಿಲ್ಲ,” ಎಂದೆ ನಾನೇ. ಈ ವಿಷಯದಲ್ಲಿ ನನಗೆ ಸುಳ್ಳು ಹೇಳಲು ಬರುವುದಿಲ್ಲ.

“ಹಂಗಾದ್ರ ಈ ಪತಂಗ ನಂದು.”

ನೋರಾ ನಕ್ಕಳು. ಪ್ಯಾಟ್ರಿಕ್ ನಗಲಿಲ್ಲ. ನೋರಾ ನಗುವುದನ್ನು ನಿಲ್ಲಿಸಿದಳು.

“ಲೂಟಿ ಮಾಡಿದ ಪತಂಗ ಏನ್ ಮಾಡ್ತೀರಿ ನಿಮ್ಮ ಕಡಿ?” ಎಂದು ನನ್ನನ್ನು ಕೇಳಿದ.

“ಲೂಟಿದವರೇ ಹಾರಿಸ್ತಾರ.”

“ನನಗ ಬರಂಗಿಲ್ಲ. ಕಲಸೋರು ಬೇಕು. ಈ ಹುಡುಗಿನ್ನ ಕುರ್ಚಿ ಮ್ಯಾಲ ಕುಂದ್ರಸ್ರಿ, ನಾ ಬಾಜೂ ಕುಂದ್ರತೀನಿ.”

ತಾನೇ ಕಲಿಸುತ್ತೇನೆ ಎಂದಳು ನೋರಾ. ಪ್ಯಾಟ್ರಿಕ್ ಬೇಡವೆಂದು ತಲೆಯಾಡಿಸಿದ. ಅವನ ಮುಂದಿನ ಮಾತನ್ನು ಪ್ರಜ್ಞಾ ಹೀಗೆ ತಿರುಗಿಸಿ ಹೇಳಿದಳು.

“ಮುತ್ಯಾನ ಸಲುವಾಗಿ ಸುಳ್ಳು ಹೇಳ್ಯಾಳ ಇಕಿ. ನನ್ನ ಸಲುವಾಗಿ ಯಾರೂ ಒಂದು ಸುಳ್ಳೂ ಹೇಳಿಲ್ಲ. ನನಗ ಇಕಿನೇ ಬೇಕು.”

ನೋರಾ ಕೊನೆಗೆ ಒಪ್ಪಿದಳು. ಆಮೇಲೆ ಷರತ್ತು ಹಾಕಿದಳು. ಬೆಳಿಗ್ಗೆ ಎಲ್ಲರೂ ಸೇರಿದಾಗ ಪ್ರಜ್ಞಾ ನಡೆದದ್ದನ್ನು ನಡೆದಹಾಗೆ ಹೇಳಬೇಕು. ಆಮೇಲೆ ಒಂದು ಸಲ ಕೂರಬಹುದು. ಕೆಂಪು ಗುಂಡಿಯ ಮೇಲೆ ಕೈ ಮಾತ್ರ ನೋರಾಳದು. ಕೂಗಿದ ಮುದುಕ, ಅಂದರೆ ನಾನು, ಹೊರಗೆ.

ಪ್ಯಾಟ್ರಿಕ್‌ನ ಪತಂಗ

ಬೆಳಿಗ್ಗೆ ಪ್ರಜ್ಞಾ ಎದ್ದು ನಿಂತು ಹೇಳಿದಳು. ಎಲ್ಲರೂ ಮೊದಲು ಅವಳನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಎದ್ದು ಕೈಮುಗಿದೆ. ಯಾರೋ ಒಬ್ಬ ಮೆಲ್ಲಗೆ ಹಕ್ಕಿಯಂತೆ ರೆಕ್ಕೆ ಬಡಿದ. ನನ್ನ ಕುಣಿತ ಊರೆಲ್ಲ ಸುತ್ತಿ ಬಂದಿತ್ತು.

ನಾಯಿಯನ್ನು ಎಬ್ಬಿಸಿ ಪತಂಗ ತಂದರು. ನನ್ನನ್ನು ಗೋಡೆಯಾಚೆ ನಿಲ್ಲಿಸಿದರು. ಪತಂಗ ಎದ್ದಿತು. ಒಂದು ಸಲ ಎಡಕ್ಕೆ ವಾಲಿದಾಗ ನಾನೂ ಎಡಕ್ಕೆ ವಾಲಿದೆ. ಸಾವರಿಸಿಕೊಂಡಿತು. ಎಂಟು ಬರೆಯಿತು. ಉರುಳೆ ಗುಂಯ್ ಎಂದು ತಿರುಗತೊಡಗಿತು. ಎಳೆದುಕೊಂಡಿತು, ಮತ್ತೆ ಬಿಟ್ಟಿತು.

ಆಗ ಡಬ್ಬಿಯ ಬಾಗಿಲು ತೆರೆಯಿತು. ನೋರಾ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಎರಡೂ ಕೈ ಕೋಟಿನ ಕಿಸೆಯಲ್ಲಿದ್ದವು. ಹಾಗಾದರೆ ಕೆಂಪು ಗುಂಡಿ ಈಗ ಯಾರ ಕೈಯಲ್ಲಿದೆ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಕೆ ಮೇಲೆ ನೋಡುತ್ತಲೇ, ನನಗೆ ತಿಳಿಯುವಂತೆ ಬಿಡಿಬಿಡಿಯಾಗಿ ಕೇಳಿದಳು: ಕಡಿದಾಗ ಕಾಟ್ ಅನ್ನುತ್ತೀರಿ. ಏರಿದಾಗ ಏನು ಅನ್ನುತ್ತೀರಿ?

ಯೋಚಿಸಿದೆ. ಇಷ್ಟು ವರ್ಷದ ಸಂಕ್ರಾಂತಿಗಳನ್ನೆಲ್ಲ ನೆನಪು ಮಾಡಿಕೊಂಡೆ. ಏರಿದಾಗ ನಾವು ಏನೂ ಅನ್ನುವುದಿಲ್ಲ. ಇನ್ನೊಬ್ಬರದು ಬಿದ್ದಾಗಲೇ ನಮಗೆ ಕೂಗು ಬರುವುದು. ಇದನ್ನು ಆ ಹೆಂಗಸಿಗೆ ಹೇಳಲು ನಾಚಿಕೆಯಾಯಿತು.

ನನ್ನ ಕೈ ಎರಡೂ ಖಾಲಿ ಇದ್ದವು, ಒಮ್ಮೆ ನೋಡಿಕೊಂಡೆ. ಆಮೇಲೆ ಗೋಡೆ ಹಿಡಿದು, ಎದೆ ತುಂಬ ಗಾಳಿ ಎಳೆದುಕೊಂಡು, ಆ ಡಬ್ಬಿಯ ಕಡೆಗೆ ಮುಖ ಮಾಡಿ ಕೂಗಿದೆ:

“ಭಲೇ ನನ್ನ ಮಗಳ!”

ಕುರಿಗಳು ತಲೆ ಎತ್ತಿದವು. ನೋರಾ ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದಳು. ಅದರ ಅರ್ಥವೇನು?

“ನಾಟ್ ಕಟ್, ಮೇಡಂ,” ಎಂದೆ.